ಇಬ್ಬರು ಅಧ್ಯಕ್ಷರು ಮಲಗಿರುವ ಕ್ವಿನ್ಸಿಯ ಕಲ್ಲಿನ ಚರ್ಚು



ಬೇಸಿಗೆ ಬಂತೆಂದರೆ ಬಾಸ್ಟನ್ ಸುತ್ತಮುತ್ತಲಿನ ನಮ್ಮ ಕನ್ನಡಿಗರ ಮನೆಗಳಲ್ಲಿ ಅಪ್ಪ-ಅಮ್ಮಂದಿರ ಸೀಸನ್. ನಯಾಗರ ಆಯಿತು, ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆ ಆಯಿತು, ವಾಷಿಂಗ್ಟನ್ನಿನ ವೈಟ್ ಹೌಸ್ ಮುಂದೆ ಫೋಟೋ ಆಯಿತು, ಆಶ್‌ಲ್ಯಾಂಡಿನ ಲಕ್ಷ್ಮೀ ದೇವಸ್ಥಾನಕ್ಕೆ ನಾಲ್ಕು ಸಲ ಹೋಗಿ ಬಂದದ್ದೂ ಆಯಿತು. ಆಮೇಲೆ? ಮೂರನೇ ತಿಂಗಳಿಗೆ ಎಲ್ಲ ಮನೆಗಳಲ್ಲೂ ಕೇಳುವ ಮಾತು ಒಂದೇ: "ಇನ್ನೇನೋ ನೋಡೋದು? ಊರಿಗೆ ಹೊರಡ್ತೀನಿ, ಟಿಕೆಟ್ ಹಿಂದಕ್ಕೆ ಹಾಕ್ಸು."

ನಮ್ಮಮ್ಮನೂ ಕಳೆದ ಬೇಸಿಗೆಯಲ್ಲಿ ಇದನ್ನೇ ಹೇಳತೊಡಗಿದಾಗ, ದುಡ್ಡಿಲ್ಲದೆ ದೂರವಿಲ್ಲದೆ ನೋಡಬಹುದಾದ ಜಾಗ ಯಾವುದಾದರೂ ಇದೆಯೇ ಎಂದು ಯೋಚಿಸಿ, ಒಂದು ದಿನ ರೆಡ್ ಲೈನ್ ಟ್ರೈನು ಹತ್ತಿಸಿ ಕ್ವಿನ್ಸಿಗೆ ಕರೆದುಕೊಂಡು ಹೋದೆ. ಬಾಸ್ಟನ್ನಿನಿಂದ ದಕ್ಷಿಣಕ್ಕೆ ಸುಮಾರು 10 ಮೈಲಿ. (ಅಲ್ಲಿಯವರು "ಕ್ವಿನ್‌ಝಿ" ಎನ್ನುತ್ತಾರೆ. ನಾನು ಹತ್ತು ವರ್ಷ "ಕ್ವಿನ್ಸಿ" ಎಂದುಕೊಂಡೇ ಇದ್ದೆ, ಈಗ ನಾಲಿಗೆ ತಿರುಗುವುದಿಲ್ಲ, ಹಾಗೇ ಬರೆಯುತ್ತೇನೆ, ಕ್ಷಮಿಸಿ.) ಕ್ವಿನ್ಸಿ ಸೆಂಟರ್ ಸ್ಟೇಷನ್ನಿನಲ್ಲಿ ಇಳಿದು ಹೊರಗೆ ಬಂದರೆ ಸಿಟಿ ಹಾಲ್, ಅದರ ಎದುರಿಗೇ ನಾಲ್ಕು ದಪ್ಪ ಕಂಬಗಳ ಕಲ್ಲಿನ ಕಟ್ಟಡ. ಹೆಸರು ಯುನೈಟೆಡ್ ಫಸ್ಟ್ ಪ್ಯಾರಿಷ್ ಚರ್ಚ್. ಜನ ಕರೆಯುವುದು "ಅಧ್ಯಕ್ಷರ ಚರ್ಚು" ಎಂದು. ಅಮೆರಿಕದ ಎರಡನೇ ಅಧ್ಯಕ್ಷ ಜಾನ್ ಆಡಮ್ಸ್, ಆರನೇ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್, ಅಂದರೆ ಅಪ್ಪ ಮತ್ತು ಮಗ, ತಮ್ಮ ಹೆಂಡತಿಯರ ಜೊತೆ ಈ ಚರ್ಚಿನ ನೆಲದಡಿಯಲ್ಲಿ ಮಲಗಿದ್ದಾರೆ. ಇಬ್ಬರು ಅಧ್ಯಕ್ಷರ ಸಮಾಧಿ ಇರುವ ಚರ್ಚು ಈ ದೇಶದಲ್ಲಿ ಇದೊಂದೇ.

ಅಮ್ಮ ಮೊದಲು ನೋಡಿದ್ದು ಗೋಪುರವನ್ನಲ್ಲ, ಕಲ್ಲನ್ನು. ಕನಕಪುರದ ಕಡೆ ಹುಟ್ಟಿ ಬೆಳೆದವಳು, ಕಲ್ಲು ಕಂಡರೆ ಕೈ ತಾನಾಗಿ ಹೋಗುತ್ತದೆ. ಗೋಡೆಯನ್ನು ಸವರಿ, "ಒಳ್ಳೆ ಗಟ್ಟಿ ಕಲ್ಲು ಕಣೋ, ಒರಳಿಗೆ ಹೇಳಿ ಮಾಡಿಸಿದ ಹಾಗಿದೆ" ಎಂದಳು. ನಿಜಕ್ಕೂ ಈ ಊರು ಪ್ರಸಿದ್ಧವಾದದ್ದೇ ಕಲ್ಲಿನಿಂದ. ಬಾಸ್ಟನ್ನಿನ ಬಂಕರ್ ಹಿಲ್ ಸ್ಮಾರಕಕ್ಕೆ ಹೋದ ಗ್ರಾನೈಟ್ ಇಲ್ಲಿಯದು. ಅದನ್ನು ಸಾಗಿಸಲೆಂದೇ 1826ರಲ್ಲಿ ಇಲ್ಲಿ ಕುದುರೆ ಎಳೆಯುವ ರೈಲು ಹಾಕಿದರು. ಅಮೆರಿಕದ ಮೊದಮೊದಲ ರೈಲುಗಳಲ್ಲಿ ಅದೂ ಒಂದು. ಬಂಡೆಗೆ ಸಾಲಾಗಿ ಕುಳಿ ಹೊಡೆದು, ಬೆಣೆ ಇಟ್ಟು, ಒಂದೊಂದಕ್ಕೂ ಸುತ್ತಿಗೆ ಏಟು ಕೊಡುತ್ತಾ ಹೋದರೆ ಕಲ್ಲು ನೇರವಾಗಿ ಸೀಳುತ್ತದೆ. ಇಲ್ಲೂ ಅದೇ, ನಮ್ಮ ಕಡೆಯೂ ಅದೇ. ಕೊನೆಯ ಕ್ವಾರಿ 1963ರಲ್ಲಿ ಮುಚ್ಚಿತು. ಬಾಸ್ಟನ್ನಿನ "ಬಿಗ್ ಡಿಗ್" ಸುರಂಗ ತೋಡಿದಾಗ ಬಂದ ಮಣ್ಣನ್ನು ತಂದು ಆ ಆಳವಾದ ಹೊಂಡಗಳನ್ನು ತುಂಬಿಸಿದರು. ಈಗ ಅಲ್ಲಿ ಹುಡುಗರು ಹಗ್ಗ ಕಟ್ಟಿಕೊಂಡು ಬಂಡೆ ಹತ್ತುತ್ತಾರೆ.

ಅಪ್ಪ ಕೊಟ್ಟ ಕಲ್ಲು

ಈ ಚರ್ಚಿನ ಕಥೆ ಶುರುವಾಗುವುದು ಕಟ್ಟಡಕ್ಕಿಂತ ಬಹಳ ಹಿಂದೆ. ಇಂಗ್ಲೆಂಡಿನಿಂದ ಬಂದ ಪ್ಯೂರಿಟನ್ನರು 1639ರಲ್ಲಿ ಇಲ್ಲಿ ತಮ್ಮದೇ ಸಭೆ ಕಟ್ಟಿಕೊಂಡರು. ಆಗ ಈ ಊರು ಬ್ರೇಂಟ್ರಿಯ ಭಾಗ. 1792ರಲ್ಲಿ ಬೇರೆಯಾಗಿ ಕ್ವಿನ್ಸಿ ಆಯಿತು. ಈಗಿನ ಚರ್ಚಿಗಿಂತ ಮೊದಲು 1732ರಲ್ಲಿ ಕಟ್ಟಿದ ಮರದ ಪ್ರಾರ್ಥನಾ ಮಂದಿರವಿತ್ತು. ಅಲ್ಲಿ ಪಾದ್ರಿಯಾಗಿದ್ದವರು ಜಾನ್ ಹ್ಯಾನ್ಕಾಕ್. ಸ್ವಾತಂತ್ರ್ಯ ಘೋಷಣೆಗೆ ಎಲ್ಲರಿಗಿಂತ ದೊಡ್ಡದಾಗಿ ಸಹಿ ಹಾಕಿದ ಹ್ಯಾನ್ಕಾಕ್ ಅವರ ತಂದೆ. 1735ರಲ್ಲಿ ಹುಟ್ಟಿದ ಜಾನ್ ಆಡಮ್ಸ್ ಎಂಬ ರೈತನ ಮಗನಿಗೆ ದೀಕ್ಷಾಸ್ನಾನ ಮಾಡಿಸಿದವರೂ ಅವರೇ.

ಮುಂದಿನ ನೂರು ವರ್ಷಗಳಲ್ಲಿ ಈ ಸಭೆಯ ನಂಬಿಕೆ ಮೆಲ್ಲಗೆ ಬದಲಾಗುತ್ತಾ ಹೋಯಿತು. ಸಾಮಾನ್ಯವಾಗಿ ಕ್ರೈಸ್ತರು ತಂದೆ, ಮಗ, ಪವಿತ್ರಾತ್ಮ ಎಂಬ ಮೂರು ರೂಪಗಳ ಒಬ್ಬ ದೇವರನ್ನು ನಂಬುತ್ತಾರಲ್ಲವೇ? "ದೇವರು ಒಬ್ಬನೇ, ಮೂರಾಗಿಲ್ಲ. ಯೇಸು ಮಹಾಗುರು, ಆದರೆ ದೇವರಲ್ಲ" ಎಂದವರು ಯೂನಿಟೇರಿಯನ್ನರು. ವಿಚಾರ ಮಾಡಿ ನಂಬಬೇಕು, ಭಯದಿಂದಲ್ಲ ಎಂಬುದು ಅವರ ಪಟ್ಟು. 1825ರಲ್ಲಿ ಬಾಸ್ಟನ್ನಿನಲ್ಲಿ ಅವರದೇ ಸಂಘ ಹುಟ್ಟಿತು. 1961ರಲ್ಲಿ ಯೂನಿವರ್ಸಲಿಸ್ಟರ ಜೊತೆ ಸೇರಿತು. ನಮ್ಮ ರಾಜಾ ರಾಮಮೋಹನ ರಾಯರಿಗೂ ಈ ಊರಿನ ಕಡೆಯ ಯೂನಿಟೇರಿಯನ್ನರಿಗೂ 1820ರ ದಶಕದಲ್ಲೇ ಪತ್ರವ್ಯವಹಾರವಿತ್ತು ಎಂದರೆ ನಂಬುತ್ತೀರಾ? ಇನ್ನು ಜಾನ್ ಆಡಮ್ಸ್ ಅವರು 1813ರ ಕ್ರಿಸ್‌ಮಸ್ ದಿನ ಗೆಳೆಯ ಜೆಫರ್ಸನ್‌ಗೆ ಬರೆದ ಪತ್ರದಲ್ಲಿ ಹಿಂದೂಗಳ "ಶಾಸ್ತ್ರ"ದ ಮುನ್ನುಡಿಯ ತತ್ವಜ್ಞಾನವನ್ನು ಬಾಯ್ತುಂಬ ಹೊಗಳಿದ್ದಾರೆ! ಜೋಸೆಫ್ ಪ್ರೀಸ್ಟ್ಲಿಯ ಪುಸ್ತಕಗಳ ಮೂಲಕ ಅವರಿಗೆ ಅದು ತಿಳಿದಿತ್ತು. ಬಾಸ್ಟನ್ನಿನ ಹೊರಗಿನ ಒಂದು ಹಳ್ಳಿಯಲ್ಲಿ ಕುಳಿತ 78 ವರ್ಷದ ಮುದುಕರು, ಹಿಮ ಬೀಳುವ ಕಾಲದಲ್ಲಿ, ನಮ್ಮ ಕಡೆಯ ಮಾತು ಓದಿ ತಲೆದೂಗಿದ್ದರು.

ಈ ಮುದುಕರು 1822ರಲ್ಲಿ ಊರಿಗೆ ಒಂದು ದಾನಪತ್ರ ಬರೆದುಕೊಟ್ಟರು. ತಮ್ಮ ಜಮೀನು, ಅದರಲ್ಲಿದ್ದ ಕಲ್ಲು, ಎರಡೂ ಊರಿಗೆ. ಅದರಿಂದ ಮೊದಲು ಕಲ್ಲಿನ ಚರ್ಚು, ಆಮೇಲೆ ಕಲ್ಲಿನ ಶಾಲೆ ಕಟ್ಟಬೇಕು. ಜೊತೆಗೆ ಸುಮಾರು 3,000 ಪುಸ್ತಕಗಳ ತಮ್ಮ ಲೈಬ್ರರಿಯನ್ನೂ ಕೊಟ್ಟರು (ಆ ಪುಸ್ತಕಗಳು ಈಗ ಬಾಸ್ಟನ್ ಪಬ್ಲಿಕ್ ಲೈಬ್ರರಿಯಲ್ಲಿವೆ). ಚರ್ಚು ಕಟ್ಟುವುದನ್ನು ಅವರು ನೋಡಲಿಲ್ಲ. 1826ರ ಜುಲೈ 4ರಂದು, ಸ್ವಾತಂತ್ರ್ಯ ಘೋಷಣೆಗೆ ಸರಿಯಾಗಿ 50 ವರ್ಷ ತುಂಬಿದ ದಿನ, 90ರ ವಯಸ್ಸಿನಲ್ಲಿ ತೀರಿಕೊಂಡರು. ಅದೇ ದಿನ ವರ್ಜೀನಿಯಾದಲ್ಲಿ ಜೆಫರ್ಸನ್ ಕೂಡ ತೀರಿಕೊಂಡದ್ದು ನಿಮಗೆಲ್ಲ ಗೊತ್ತಿರುವ ಕಥೆ.

ಚರ್ಚು ಪೂರ್ತಿಯಾದದ್ದು 1828ರಲ್ಲಿ. ನಕ್ಷೆ ಮಾಡಿದವರು ಅಲೆಗ್ಸಾಂಡರ್ ಪ್ಯಾರಿಸ್. ಬಾಸ್ಟನ್ನಿನಲ್ಲಿ ನಾವೆಲ್ಲ ನೆಂಟರನ್ನು ಕರೆದುಕೊಂಡು ಹೋಗಿ ಐಸ್‌ಕ್ರೀಂ ತಿನ್ನಿಸುವ ಕ್ವಿನ್ಸಿ ಮಾರ್ಕೆಟ್ ಇದೆಯಲ್ಲ, ಅದೂ ಅವರದೇ. ಗ್ರೀಕ್ ದೇಗುಲದ ಮಾದರಿಯ ಮುಂಭಾಗ, ಮೇಲೆ ಗಡಿಯಾರ ಮತ್ತು ಗಂಟೆಯ ಗೋಪುರ. ಒಳಗೆ ಗುಮ್ಮಟದ ಹಾಗೆ ಬಾಗಿದ ಬಿಳಿಯ ಚಾವಣಿ. ವಿಗ್ರಹವಿಲ್ಲ, ಆಡಂಬರವಿಲ್ಲ, ಬೇಕಾದಷ್ಟು ಬೆಳಕು. ಅಮ್ಮ ಚಪ್ಪಲಿ ಬಾಗಿಲಲ್ಲೇ ಬಿಟ್ಟಳು. ಚರ್ಚು ತೋರಿಸುತ್ತಿದ್ದ ಹಿರಿಯ ಸ್ವಯಂಸೇವಕಿ "ಬೇಕಾಗಿಲ್ಲ" ಎಂದು ನಕ್ಕರು. ಅಮ್ಮ "ಇರಲಿ ಬಿಡಿ" ಎಂದು ಕನ್ನಡದಲ್ಲೇ ಹೇಳಿ ಒಳಗೆ ನಡೆದಳು. ಇಬ್ಬರಿಗೂ ಅರ್ಥವಾಯಿತು.

ಆಡಮ್ಸ್ ಮನೆಯವರು ಕೂರುತ್ತಿದ್ದ ಬೆಂಚಿಗೆ ಗುರುತು ಹಾಕಿದ್ದಾರೆ. ಉಪದೇಶ ಪೀಠದ ಪಕ್ಕದ ಗೋಡೆಯಲ್ಲಿ ಅಮೃತಶಿಲೆಯ ಸ್ಮಾರಕ ಫಲಕಗಳಿವೆ. ಒಂದು ಜಾನ್ ಮತ್ತು ಅಬಿಗೇಲ್ ಆಡಮ್ಸ್ ದಂಪತಿಯದು. ಅದರ ಬರಹವನ್ನು ಸಿದ್ಧಪಡಿಸಿದ್ದು ಮಗ ಜಾನ್ ಕ್ವಿನ್ಸಿ. ಮೇಲಿರುವ ಅಪ್ಪನ ಮುಖದ ಶಿಲ್ಪವನ್ನು ಹೊರೇಷಿಯೋ ಗ್ರೀನೋ ಎಂಬ ಶಿಲ್ಪಿಯಿಂದ ಮಾಡಿಸಿದ್ದೂ ಅವರೇ. ಇನ್ನೊಂದು ಫಲಕ ಆ ಮಗ-ಸೊಸೆಯದು.

ತಡವಾಗಿ ಬಂದ ಮಗ

ಫಲಕದ ಮುಂದೆ ನಿಂತು ಆ ಸ್ವಯಂಸೇವಕಿ ಹೇಳಿದ್ದನ್ನು ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಒಂದು ಕಡೆ ಬಂದಾಗ ನನ್ನ ಮಾತು ನಿಂತಿತು.

ಜಾನ್ ಆಡಮ್ಸ್ ತೀರಿಕೊಂಡಾಗ ಮಗ ಜಾನ್ ಕ್ವಿನ್ಸಿ ಅಮೆರಿಕದ ಅಧ್ಯಕ್ಷ. ಜುಲೈ 4ರಂದು ವಾಷಿಂಗ್ಟನ್ನಿನಲ್ಲಿ 50ನೇ ವರ್ಷದ ಉತ್ಸವದಲ್ಲಿದ್ದರು. ತಂತಿಯಿಲ್ಲ, ಫೋನಿಲ್ಲ. ಅಪ್ಪನ ಸ್ಥಿತಿ ಗಂಭೀರ ಎಂಬ ಪತ್ರ ಕೈಸೇರಲು ದಿನಗಳೇ ಹಿಡಿದವು. 9ರಂದು ಗಾಡಿ ಹತ್ತಿದರು. ದಾರಿಯಲ್ಲಿ, ಬಾಲ್ಟಿಮೋರ್ ತಲುಪುವ ಮೊದಲೇ, ಅಪ್ಪ ಹೋದ ಸುದ್ದಿ ಸಿಕ್ಕಿತು. ಕ್ವಿನ್ಸಿಯಲ್ಲಿ ಅಂತ್ಯಕ್ರಿಯೆ 7ರಂದೇ ಮುಗಿದುಹೋಗಿತ್ತು. ಸಾವಿರಾರು ಜನ ಬಂದಿದ್ದರು, ಮಗನೊಬ್ಬ ಇರಲಿಲ್ಲ. 1818ರಲ್ಲಿ ತಾಯಿ ಅಬಿಗೇಲ್ ತೀರಿಕೊಂಡಾಗಲೂ ಅವರು ವಾಷಿಂಗ್ಟನ್ನಿನಲ್ಲೇ ಇದ್ದರು. ಅದಕ್ಕೆ ಮೊದಲು ರಷ್ಯಾ, ಇಂಗ್ಲೆಂಡ್ ಎಂದು ಸರ್ಕಾರಿ ಕೆಲಸದ ಮೇಲೆ 1809ರಿಂದ 1817ರವರೆಗೆ ಎಂಟು ವರ್ಷ ಊರಿನ ಮುಖ ಕಂಡಿರಲಿಲ್ಲ. ದೊಡ್ಡ ಮಕ್ಕಳಿಬ್ಬರನ್ನು ಇಲ್ಲೇ ಅಜ್ಜ-ಅಜ್ಜಿಯ ಹತ್ತಿರ ಬಿಟ್ಟು ಹೋಗಿದ್ದರು. ಗ್ರೀನ್ ಕಾರ್ಡಿಗೆ ಕಾಯುತ್ತಾ ಕೂತ ನಮ್ಮ ಎಷ್ಟು ಮನೆಗಳ ಕಥೆ ಇದು!

ನನ್ನ ಮಾತು ಯಾಕೆ ನಿಂತಿತು ಎಂದು ಓದುಗರಲ್ಲಿ ಹಲವರಿಗೆ ಹೇಳಬೇಕಾಗಿಲ್ಲ. ಆರು ವರ್ಷದ ಹಿಂದೆ ರಾತ್ರಿ ಎರಡು ಗಂಟೆಗೆ ಫೋನು ಬಂತು. ಸಿಕ್ಕಿದ ಟಿಕೆಟ್ ತೆಗೆದುಕೊಂಡು ಹೊರಟೆ, ಮಧ್ಯೆ ಒಂದು ವಿಮಾನ ತಪ್ಪಿತು. ಮನೆ ಮುಟ್ಟಿದಾಗ ತಮ್ಮ ತಲೆ ಬೋಳಿಸಿಕೊಂಡು ಜಗಲಿಯಲ್ಲಿ ಕೂತಿದ್ದ. ಯಾರೂ ಏನೂ ಅನ್ನಲಿಲ್ಲ. ಅಮ್ಮನೂ ಇಂದಿಗೂ ಅದರ ಮಾತೆತ್ತಿಲ್ಲ. ನಾನೂ ಎತ್ತಿಲ್ಲ.

"ಯಾಕೋ ಸುಮ್ಮನಾದೆ? ಏನಂತೆ?" ಎಂದಳು ಅಮ್ಮ. ಹೇಳಿದೆ. ಸ್ವಲ್ಪ ಹೊತ್ತು ಫಲಕವನ್ನೇ ನೋಡುತ್ತಾ ನಿಂತಳು. "ದೇಶ ಆಳೋನಿಗೇ ಆಗ್ಲಿಲ್ಲ" ಎಂದಳು. ಆಮೇಲೆ, "ಬಂದ ಮೇಲೆ ಏನು ಮಾಡಿದ?" ಎಂದು ಕೇಳಿದಳು.

ಬಂದ ಮೇಲೆ ಅವರು ಮಾಡಿದ್ದು ಇಷ್ಟು. ಅದೇ ವರ್ಷ ಅಕ್ಟೋಬರ್ 1ರಂದು, 59ನೇ ವಯಸ್ಸಿನಲ್ಲಿ, ಅಪ್ಪನ ಸಭೆಗೆ ವಿಧ್ಯುಕ್ತವಾಗಿ ಸದಸ್ಯರಾಗಿ ಸೇರಿದರು. ಚರ್ಚು ಕಟ್ಟುವ ಕೆಲಸದ ಬೆನ್ನಿಗೆ ನಿಂತರು. ನೆಲದಡಿಯಲ್ಲಿ ಕುಟುಂಬಕ್ಕಾಗಿ ಒಂದು ಸಮಾಧಿ ಕೋಣೆ ಮಾಡಿಸಿ, ರಸ್ತೆಯಾಚೆಯ ಹ್ಯಾನ್ಕಾಕ್ ಸ್ಮಶಾನದಲ್ಲಿದ್ದ ಅಪ್ಪ-ಅಮ್ಮ ಇಬ್ಬರನ್ನೂ 1828ರಲ್ಲಿ ಅಲ್ಲಿಗೆ ತಂದು ಅಕ್ಕಪಕ್ಕ ಮಲಗಿಸಿದರು. ಅದೇ ವರ್ಷ ಚುನಾವಣೆಯಲ್ಲಿ ಸೋತು ಅಧ್ಯಕ್ಷ ಪದವಿ ಹೋಯಿತು. ಮನೆಯಲ್ಲಿ ಕೂರಲಿಲ್ಲ. 1831ರಿಂದ 17 ವರ್ಷ ಕಾಂಗ್ರೆಸ್ಸಿನ ಸಾಮಾನ್ಯ ಸದಸ್ಯರಾಗಿ ದುಡಿದರು. ಗುಲಾಮಗಿರಿಯ ವಿರುದ್ಧದ ಅರ್ಜಿಗಳನ್ನು ಸದನ ಓದಲೂಬಾರದು ಎಂಬ ನಿಯಮವನ್ನು ಎಂಟು ವರ್ಷ ಹೋರಾಡಿ 1844ರಲ್ಲಿ ತೆಗೆಸಿದರು. 1841ರಲ್ಲಿ ಅಮಿಸ್ಟಾಡ್ ಹಡಗಿನ ಆಫ್ರಿಕನ್ನರ ಪರ ಸುಪ್ರೀಂ ಕೋರ್ಟಿನಲ್ಲಿ ವಾದಿಸಿ ಗೆದ್ದರು. 1848ರ ಫೆಬ್ರವರಿಯಲ್ಲಿ ಸದನದಲ್ಲೇ ಕುಸಿದುಬಿದ್ದು, ಎರಡು ದಿನದ ಮೇಲೆ ಆ ಕಟ್ಟಡದಲ್ಲೇ ಪ್ರಾಣ ಬಿಟ್ಟರು.

ನಾಲ್ಕು ಕಲ್ಲಿನ ಪೆಟ್ಟಿಗೆಗಳು

ಕೆಳಗಿನ ಸಮಾಧಿ ಕೋಣೆಗೆ ಅಮ್ಮ ಬರುತ್ತಾಳೋ ಇಲ್ಲವೋ ಎಂಬ ಅನುಮಾನ ನನಗಿತ್ತು. ನಮ್ಮಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವ ರೂಢಿ ಇಲ್ಲವಲ್ಲ. ಮೆಟ್ಟಿಲ ಹತ್ತಿರ ಒಂದು ಕ್ಷಣ ನಿಂತು, "ಮನೆಗೆ ಹೋಗಿ ಸ್ನಾನ ಮಾಡಿದರಾಯಿತು, ನಡಿ" ಎಂದು ಇಳಿದೇಬಿಟ್ಟಳು.

ಚಿಕ್ಕ ಕೋಣೆ, ತಗ್ಗು ಚಾವಣಿ, ತಣ್ಣಗಿದೆ. ನಾಲ್ಕು ಗ್ರಾನೈಟ್ ಪೆಟ್ಟಿಗೆಗಳು, ಒಂದೊಂದರ ಮೇಲೂ ಹೆಸರು. ಅಧ್ಯಕ್ಷರಿಬ್ಬರ ಪೆಟ್ಟಿಗೆಗಳಿಗೆ ಬಾವುಟ ಹೊದಿಸಿದ್ದಾರೆ. ಜಾನ್ ಪಕ್ಕದಲ್ಲಿ ಅಬಿಗೇಲ್. 54 ವರ್ಷದ ದಾಂಪತ್ಯ, ಅದರಲ್ಲಿ ಎಷ್ಟೋ ವರ್ಷ ಇವರು ಒಂದೂರು, ಅವರು ಇನ್ನೊಂದೂರು. ಅದರಿಂದಲೇ ಇಬ್ಬರ ನಡುವಿನ 1,100ಕ್ಕೂ ಹೆಚ್ಚು ಪತ್ರಗಳು ನಮಗೆ ಉಳಿದಿವೆ. ಅಮೆರಿಕದ ಇತಿಹಾಸ ಬರೆಯುವವರಿಗೆ ಅದೇ ನಿಧಿ.

ನಾಲ್ಕನೆಯವರು ಸೊಸೆ ಲೂಯಿಸಾ ಕ್ಯಾಥರೀನ್. ಈಕೆಯ ಕಥೆ ನನಗೆ ಮೊದಲು ಗೊತ್ತೇ ಇರಲಿಲ್ಲ. 1775ರಲ್ಲಿ ಹುಟ್ಟಿದ್ದು ಲಂಡನ್ನಿನಲ್ಲಿ. ಅಮೆರಿಕದ ಹೊರಗೆ ಹುಟ್ಟಿದ ಮೊದಲ "ಪ್ರಥಮ ಮಹಿಳೆ". ಎರಡನೆಯವರು ಬರಲು 2017ರವರೆಗೆ ಕಾಯಬೇಕಾಯಿತು. 1801ರಲ್ಲಿ ಮೊದಲ ಸಲ ಕ್ವಿನ್ಸಿಯ ಅತ್ತೆ ಮನೆಗೆ ಬಂದಾಗ ಇಲ್ಲಿಯ ಊಟ, ಉಡುಪು, ಮಾತಿನ ಧಾಟಿ ಎಲ್ಲ ಕಂಡು, ನೋಹನ ನಾವೆಯೊಳಗೆ ಕಾಲಿಟ್ಟಿದ್ದರೂ ಇಷ್ಟು ಬೆರಗಾಗುತ್ತಿರಲಿಲ್ಲ ಎಂಬರ್ಥದಲ್ಲಿ ಬರೆದುಕೊಂಡಿದ್ದಾರೆ. ಲೋಗನ್ ಏರ್‌ಪೋರ್ಟಿನಲ್ಲಿ ಜನವರಿ ತಿಂಗಳಲ್ಲಿ ರೇಷ್ಮೆ ಸೀರೆ ಉಟ್ಟು ಇಳಿದ ನಮ್ಮ ಹೆಣ್ಣುಮಕ್ಕಳಿಗೆ ಇದು ಚೆನ್ನಾಗಿ ಅರ್ಥವಾದೀತು. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಆಕೆಗೊಂದು ಹೆಣ್ಣುಮಗು ಹುಟ್ಟಿತು. ಒಂದು ವರ್ಷ ತುಂಬಿದ ಸ್ವಲ್ಪ ದಿನಕ್ಕೆ, 1812ರಲ್ಲಿ, ತೀರಿಕೊಂಡಿತು. ಅಲ್ಲೇ ಮಣ್ಣು ಮಾಡಿದರು. 1815ರ ಚಳಿಗಾಲದಲ್ಲಿ ಗಂಡ ಪ್ಯಾರಿಸ್ಸಿಗೆ ಬಾ ಎಂದಾಗ, ಏಳು ವರ್ಷದ ಮಗನನ್ನು ಕಟ್ಟಿಕೊಂಡು, ಯುದ್ಧದಿಂದ ಹಾಳಾದ ಯೂರೋಪನ್ನು ದಾಟಿ 40 ದಿನ ಗಾಡಿಯಲ್ಲಿ ಪ್ರಯಾಣ ಮಾಡಿದರು. ಮಗುವಿನ ಗೋರಿ ಹಿಂದೆ ಉಳಿಯಿತು.

ಅಮ್ಮ ಇಷ್ಟು ಕೇಳಿ, "ಆ ಕೂಸನ್ನ ತರಲಿಲ್ವಾ?" ಎಂದಳು. ಇಲ್ಲಮ್ಮ, ಅಲ್ಲೇ ಇದೆ ಎಂದೆ. ಅವಳು ಲೂಯಿಸಾ ಹೆಸರಿರುವ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೈ ಇಟ್ಟಳು.

1852ರಲ್ಲಿ ಲೂಯಿಸಾ ತೀರಿಕೊಂಡ ಮೇಲೆ ಕೋಣೆಯನ್ನು ದೊಡ್ಡದು ಮಾಡಿ, ಜಾನ್ ಕ್ವಿನ್ಸಿಯನ್ನೂ ಆಕೆಯನ್ನೂ ಇಲ್ಲಿಗೆ ತಂದರು. ಅಂದು ಗಾಡಿಯಲ್ಲಿ ತಾಯಿಯ ಜೊತೆಗಿದ್ದ ಏಳು ವರ್ಷದ ಹುಡುಗ ಚಾರ್ಲ್ಸ್ ಹೊತ್ತಿಗೆ ಆ ಮನೆಯ ಹಿರಿಯ. ಇವತ್ತಿಗೂ ಅಕ್ಟೋಬರ್ 30 ಮತ್ತು ಜುಲೈ 11ರಂದು, ಅಂದರೆ ಅಪ್ಪ-ಮಗ ಹುಟ್ಟಿದ ದಿನಗಳಂದು, ಆಗಿನ ಅಧ್ಯಕ್ಷರ ಹೆಸರಿನಲ್ಲಿ ಇಲ್ಲಿ ಹೂಮಾಲೆ ಇಡುತ್ತಾರೆ. ನಾವು ಹೋದ ದಿನ ನೆನೆಯುತ್ತೇವೆ, ಇವರು ಹುಟ್ಟಿದ ದಿನ ನೆನೆಯುತ್ತಾರೆ, ಅಷ್ಟೇ ವ್ಯತ್ಯಾಸ.

ಮೇಲೆ ಬಂದು ಹೊರಗಿನ ಹ್ಯಾನ್ಕಾಕ್-ಆಡಮ್ಸ್ ಕಾಮನ್‌ನಲ್ಲಿ ಕೂತೆವು. ಮೊದಲು ಇಲ್ಲಿ ಕಾರುಗಳು ಓಡಾಡುತ್ತಿದ್ದ ರಸ್ತೆ. 2018ರಲ್ಲಿ ಪಾರ್ಕು ಮಾಡಿ ಜಾನ್ ಆಡಮ್ಸ್, ಜಾನ್ ಹ್ಯಾನ್ಕಾಕ್ ಇಬ್ಬರ ಪ್ರತಿಮೆ ನಿಲ್ಲಿಸಿದ್ದಾರೆ. ತಂದಿದ್ದ ಚಪಾತಿ-ಚಟ್ನಿಪುಡಿ ಬಿಚ್ಚಿದೆವು.

"ಆ ಮುದುಕ ಶಾಲೆಗೂ ಕೊಟ್ಟಿದ್ದ ಅಂದ್ಯಲ್ಲ, ಅದನ್ನ ಕಟ್ಟಿದ್ರಾ?" ಎಂದಳು ಅಮ್ಮ ಇದ್ದಕ್ಕಿದ್ದ ಹಾಗೆ.

"ಕಟ್ಟಿದ್ರು. ಆದರೆ 1872ರಲ್ಲಿ ಶುರುವಾಯಿತು. ಅವರು ಹೋಗಿ 46 ವರ್ಷ ಆದ ಮೇಲೆ." ಆಡಮ್ಸ್ ಅಕಾಡೆಮಿ ಎಂದು ಅದರ ಹೆಸರು. 1908ರವರೆಗೆ ನಡೆಯಿತು. ಆ ಕಲ್ಲಿನ ಕಟ್ಟಡ ಅಲ್ಲೇ ಹತ್ತಿರದಲ್ಲಿದೆ, ಈಗ ಕ್ವಿನ್ಸಿ ಇತಿಹಾಸ ಸಂಘದ ಮನೆ.

"ಕಟ್ಟಿದ್ರಲ್ಲ, ಸಾಕು" ಎಂದು ಚಪಾತಿ ಮುರಿದಳು. ಸ್ವಲ್ಪ ಹೊತ್ತಿನ ಮೇಲೆ, ನನ್ನ ಮುಖ ನೋಡದೆ, "ನಿಮ್ಮಪ್ಪ ಊರಿನ ಸ್ಕೂಲಿಗೆ ಕಾಂಪೌಂಡ್ ಹಾಕಿಸ್ತೀನಿ ಅಂತ ಕಲ್ಲು ತರಿಸಿ ಇಟ್ಟಿದ್ರು. ಹಾಗೇ ಬಿದ್ದಿದೆ. ಅದರ ಮೇಲೆ ಬಟ್ಟೆ ಒಣಗಿಸ್ತಾರೆ" ಎಂದಳು.

ಆರು ವರ್ಷದಲ್ಲಿ ಅವಳು ಆ ಕಲ್ಲಿನ ಸುದ್ದಿ ಹೇಳಿದ್ದು ಅದೇ ಮೊದಲು. ಟ್ರೈನಿನಲ್ಲಿ ಕೂತೇ ತಮ್ಮನಿಗೆ ಫೋನು ಮಾಡಿದೆ. ಊರಲ್ಲಿ ಆಗ ಮಧ್ಯರಾತ್ರಿ ಎಂಬುದು ಅವನು ಗಾಬರಿಯಿಂದ "ಅಮ್ಮ ಹುಷಾರಾಗಿದಾಳಾ?" ಎಂದಾಗಲೇ ನನಗೆ ಹೊಳೆದದ್ದು. ಸಂಕ್ರಾಂತಿಗೆ ಊರಿಗೆ ಹೋಗಿದ್ದಾಗ ಪಾಯ ಹಾಕಿಸಿ ಬಂದೆ. ಗೋಡೆ ಇನ್ನೂ ಸೊಂಟದ ಎತ್ತರಕ್ಕೆ ಬಂದಿದೆ.

ನೀವೂ ಮನೆಯ ಹಿರಿಯರನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ. ಬೆಚ್ಚಗಿನ ತಿಂಗಳುಗಳಲ್ಲಿ ಸ್ವಯಂಸೇವಕರು ಚರ್ಚು ಮತ್ತು ಸಮಾಧಿ ಕೋಣೆ ಎರಡನ್ನೂ ತೋರಿಸುತ್ತಾರೆ. ಹೊರಡುವ ಮೊದಲು ಫೋನು ಮಾಡಿ ಸಮಯ ಕೇಳಿಕೊಳ್ಳುವುದು ಒಳ್ಳೆಯದು. ರೆಡ್ ಲೈನ್ ಹತ್ತುವಾಗ ಬ್ರೇಂಟ್ರಿ ಕಡೆಗೆ ಹೋಗುವ ಟ್ರೈನೇ ಹತ್ತಿ. ಆಶ್‌ಮಾಂಟ್ ಟ್ರೈನು ಹತ್ತಿದರೆ ಕ್ವಿನ್ಸಿ ಸಿಗುವುದಿಲ್ಲ. ಅನುಭವದಿಂದ ಹೇಳುತ್ತಿದ್ದೇನೆ!